ಕೊನೆಯ ಸುತ್ತಿನ ಲಾಭ: ಹರಾಜಿನಲ್ಲಿ ಆರ್‌ಸಿಬಿಗೆ ಅಗ್ಗಕ್ಕೆ ಸಿಕ್ಕವರು, ಅದರ ಹಿಂದಿನ ಲೆಕ್ಕ

ಐಪಿಎಲ್ ಹರಾಜು ಬಂತೆಂದರೆ ದಾವಣಗೆರೆಯ ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಇವನಿಗೆ ಇಷ್ಟೊಂದು ಕೋಟಿ ಸುರಿದರಲ್ಲಪ್ಪ!" ಇನ್ನೊಂದು, "ಇವನ್ಯಾರು, ಹೆಸರೇ ಕೇಳಿಲ್ಲವಲ್ಲ?" ಮೊದಲನೆಯದರ ಬಗ್ಗೆ ಟಿವಿಯವರು ದಿನವಿಡೀ ಮಾತಾಡುತ್ತಾರೆ. ಎರಡನೆಯದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಆದರೆ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಇದುವರೆಗಿನ ಲೆಕ್ಕ ತೆಗೆದರೆ, ತಂಡವನ್ನು ಎತ್ತಿ ನಿಲ್ಲಿಸಿದವರಲ್ಲಿ ಹಲವರು ಈ ಹೆಸರು ಕೇಳದ ಸಾಲಿನಿಂದಲೇ ಬಂದವರು.

ಅವರು ಅಷ್ಟು ಕಡಿಮೆ ಬೆಲೆಗೆ ಹೇಗೆ ಸಿಕ್ಕರು? ಬೇರೆ ತಂಡಗಳ ಕಣ್ಣಿಗೆ ಯಾಕೆ ಬೀಳಲಿಲ್ಲ? ಒಮ್ಮೆ ಸಿಕ್ಕ ಲಾಭ ಎಷ್ಟು ದಿನ ಉಳಿಯುತ್ತದೆ? ನಮ್ಮೂರ ಹುಡುಗನೊಬ್ಬ ಆ ಪಟ್ಟಿಗೆ ಸೇರಬೇಕಾದರೆ ಯಾವ ಬಾಗಿಲು ತಟ್ಟಬೇಕು? ಒಂದೊಂದಾಗಿ ನೋಡೋಣ.

ಡ್ರಾಫ್ಟ್ ಬೇರೆ, ಹರಾಜು ಬೇರೆ

ಆಟಗಾರರನ್ನು ತಂಡಗಳಿಗೆ ಹಂಚುವುದಕ್ಕೆ ಮುಖ್ಯವಾಗಿ ಎರಡು ಪದ್ಧತಿಗಳಿವೆ. ಒಂದು ಡ್ರಾಫ್ಟ್, ಅಂದರೆ ಸರದಿ ಪ್ರಕಾರ ಆಯ್ಕೆ. ಇಲ್ಲಿ ಕೂಗಾಟವಿಲ್ಲ. ತಂಡಗಳು ಸರದಿಯಲ್ಲಿ ಒಬ್ಬೊಬ್ಬರನ್ನು ಆರಿಸುತ್ತವೆ. ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು.

ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನಲ್ಲಿ ಈ ಪದ್ಧತಿ ಬಹಳ ಹಳೆಯದು. ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡ 1998ರಲ್ಲಿ ಪಾವೆಲ್ ದಾತ್ಸ್ಯುಕ್ ಎಂಬ ರಷ್ಯಾದ ಹುಡುಗನನ್ನು ಆರಿಸಿದಾಗ ಅದಾಗಲೇ 170 ಹೆಸರು ಮುಗಿದಿದ್ದವು. ಮರುವರ್ಷ ಸ್ವೀಡನ್ನಿನ ಹೆನ್ರಿಕ್ ಜೆಟರ್‌ಬರ್ಗ್ 210ನೆಯವನಾಗಿ ಅದೇ ತಂಡಕ್ಕೆ ಬಂದ. 2008ರಲ್ಲಿ ಆ ತಂಡ ಸ್ಟಾನ್ಲಿ ಕಪ್ ಗೆದ್ದಾಗ ಇಬ್ಬರೂ ಮುಂದಾಳುಗಳು. ಹಾಕಿ ಪ್ರಿಯರು 'ಕೊನೆಯ ಸುತ್ತಿನ ಲಾಭ' ಎನ್ನುವುದು ಇಂಥ ಆಯ್ಕೆಗೇ.

ಎರಡನೆಯದು ಹರಾಜು. ಐಪಿಎಲ್ ನಡೆಯುವುದು ಇದರ ಮೇಲೆ. ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಆಟಗಾರ.

ಆದರೆ ಐಪಿಎಲ್ ಕೂಡ ಒಮ್ಮೆ ಡ್ರಾಫ್ಟ್ ಮಾಡಿತ್ತು. 2008ರ ಮಾರ್ಚಿನಲ್ಲಿ ಭಾರತದ 19 ವರ್ಷದೊಳಗಿನವರ ತಂಡ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದು ಬಂತು. ಆ ಹುಡುಗರನ್ನು ಹರಾಜಿಗೆ ಹಾಕದೆ, ನಿಗದಿತ ಸಂಬಳಕ್ಕೆ ಸರದಿ ಪ್ರಕಾರ ತಂಡಗಳಿಗೆ ಹಂಚಿದರು. ದೆಹಲಿ ತಂಡ ತನ್ನ ಊರಿನವನೇ ಆದ ನಾಯಕ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿತು. ಸೆಹ್ವಾಗ್, ಗಂಭೀರ್ ಇದ್ದ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಯಾಕೆ ಎಂಬ ಲೆಕ್ಕ ಅದು. ಬೆಂಗಳೂರು ಕೊಹ್ಲಿಯನ್ನು ತೆಗೆದುಕೊಂಡಿತು. ಸಂಬಳ 30 ಸಾವಿರ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು ರೂ. 12 ಲಕ್ಷ.

ಹರಾಜಿನ ದಿನ ಏನೇನು ನಡೆಯುತ್ತದೆ?

ದಾವಣಗೆರೆಯವರಿಗೆ ಹರಾಜು ಹೊಸದಲ್ಲ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿಗೆ ಬೆಲೆ ಕಟ್ಟುವುದನ್ನು ನೋಡಿದವರಿಗೆ ಅರ್ಧ ವಿಷಯ ಗೊತ್ತೇ ಇದೆ. ಖರೀದಿದಾರನ ಜೇಬು, ಅವನ ಗೋದಾಮಿನ ಜಾಗ, ಮಾಲಿನ ಬಗ್ಗೆ ಅವನಿಗಿರುವ ತಿಳಿವಳಿಕೆ, ಈ ಮೂರೂ ಸೇರಿ ಬೆಲೆಯಾಗುತ್ತದೆ. ಐಪಿಎಲ್‌ನಲ್ಲೂ ಅಷ್ಟೇ. ಉಳಿದರ್ಧ ನಿಯಮಗಳಲ್ಲಿದೆ.

ಮೊದಲು ಪರ್ಸ್, ಅಂದರೆ ತಂಡ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಒಟ್ಟು ಹಣ. 2025ರ ಸೀಸನ್ನಿಗೆ ಪ್ರತಿ ತಂಡಕ್ಕೂ ರೂ. 120 ಕೋಟಿ. ಹಳೆಯ ಆಟಗಾರರನ್ನು ಉಳಿಸಿಕೊಂಡರೆ ಆ ಹಣ ಇದರಿಂದಲೇ ಹೋಗುತ್ತದೆ. ಆರ್‌ಸಿಬಿ ಕೊಹ್ಲಿಗೆ 21, ರಜತ್ ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡಿತು. ಜೆಡ್ಡಾದ ಹರಾಜಿಗೆ ಹೋಗುವಾಗ ಅದರ ಕೈಯಲ್ಲಿದ್ದದ್ದು 83 ಕೋಟಿ.

ಎರಡನೆಯದು ಮೂಲ ಬೆಲೆ. ಕೂಗು ಶುರುವಾಗುವುದು ಇಲ್ಲಿಂದ. ಭಾರತ ತಂಡಕ್ಕೆ ಇನ್ನೂ ಆಡದವರನ್ನು ಅನ್‌ಕ್ಯಾಪ್ಡ್ ಎನ್ನುತ್ತಾರೆ. ಅವರ ಕನಿಷ್ಠ ಮೂಲ ಬೆಲೆ 2014ರಲ್ಲಿ 10 ಲಕ್ಷ ಇತ್ತು. ಆಮೇಲೆ 20 ಲಕ್ಷವಾಯಿತು. 2025ರ ಹರಾಜಿಗೆ 30 ಲಕ್ಷ. ಅಗ್ಗದ ಖರೀದಿಗಳು ಹೆಚ್ಚಾಗಿ ಈ ಸಾಲಿನಲ್ಲೇ ಆಗುತ್ತವೆ.

ಮೂರನೆಯದು ತಂಡದ ಗಾತ್ರ. ಕನಿಷ್ಠ 18, ಗರಿಷ್ಠ 25 ಆಟಗಾರರು. ವಿದೇಶಿಯರು 8ಕ್ಕಿಂತ ಹೆಚ್ಚಿಲ್ಲ.

ಆಟಗಾರರನ್ನು ಗುಂಪು ಗುಂಪಾಗಿ ಕರೆಯುತ್ತಾರೆ. ದೊಡ್ಡ ಹೆಸರಿನವರು ಮೊದಲು. ಆಮೇಲೆ ಬ್ಯಾಟರ್‌ಗಳು, ಆಲ್‌ರೌಂಡರ್‌ಗಳು, ಕೀಪರ್‌ಗಳು, ವೇಗಿಗಳು, ಸ್ಪಿನ್ನರ್‌ಗಳು. ಅವರ ಹಿಂದೆ ಅನ್‌ಕ್ಯಾಪ್ಡ್ ಗುಂಪುಗಳು. ಯಾರೂ ಕೂಗದಿದ್ದರೆ ಆ ಆಟಗಾರ 'ಅನ್‌ಸೋಲ್ಡ್', ಅಂದರೆ ಮಾರಾಟವಾಗದೆ ಉಳಿದವನು.

ಹಾಗಾದರೆ ಅವನ ಕಥೆ ಮುಗಿಯಿತೇ? ಇಲ್ಲ. ಕೊನೆಯಲ್ಲಿ ವೇಗದ ಸುತ್ತು ಇರುತ್ತದೆ. ಉಳಿದವರಲ್ಲಿ ತಮಗೆ ಬೇಕಾದವರ ಹೆಸರನ್ನು ತಂಡಗಳು ಬರೆದುಕೊಡುತ್ತವೆ. ಆ ಹೆಸರುಗಳನ್ನಷ್ಟೇ ಮತ್ತೆ ಸರಸರನೆ ಕೂಗುತ್ತಾರೆ. ಟಿವಿ ನೋಡುವವರು ಊಟಕ್ಕೆ ಎದ್ದುಹೋಗುವುದು ಈ ಹೊತ್ತಿನಲ್ಲೇ. ಲಾಭದ ವ್ಯಾಪಾರ ನಡೆಯುವುದೂ ಆಗಲೇ.

2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ಇದು ಕಣ್ಣೆದುರೇ ನಡೆಯಿತು. ಕರ್ನಾಟಕದ ದೇವದತ್ತ ಪಡಿಕ್ಕಲ್ ಹೆಸರು ಮೊದಲ ಸಲ ಬಂದಾಗ ಯಾರೂ ಕೈ ಎತ್ತಲಿಲ್ಲ. ಕೊನೆಯ ಸುತ್ತಿನಲ್ಲಿ ಆರ್‌ಸಿಬಿ ಮೂಲ ಬೆಲೆ 2 ಕೋಟಿಗೆ ಅವನನ್ನು ಪಡೆಯಿತು. ಗಾಯಗೊಂಡು ಹೊರಹೋಗುವ ಮೊದಲು ಆಡಿದ 10 ಪಂದ್ಯಗಳಲ್ಲಿ ಪಡಿಕ್ಕಲ್ 247 ರನ್ ಗಳಿಸಿದ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಐಪಿಎಲ್ ಕಪ್ ಎತ್ತಿತಲ್ಲ, ಆ ಸೀಸನ್ನಿನ ಮಾತಿದು.

ಇನ್ನೊಂದು ಹಿಂಬಾಗಿಲೂ ಇದೆ. ಅದು ಬದಲಿ ಆಟಗಾರನ ನಿಯಮ. ಸೀಸನ್ನಿನಲ್ಲಿ ಯಾರಾದರೂ ಗಾಯಗೊಂಡು ಹೊರಬಿದ್ದರೆ, ಹರಾಜಿಗೆ ಹೆಸರು ಕೊಟ್ಟು ಮಾರಾಟವಾಗದೆ ಉಳಿದವರಿಂದ ಒಬ್ಬನನ್ನು ತೆಗೆದುಕೊಳ್ಳಬಹುದು. ಅವನಿಗೆ ಕೊಡುವ ಹಣ ಗಾಯಾಳುವಿನ ಸಂಬಳವನ್ನು ಮೀರುವಂತಿಲ್ಲ. ಆರ್‌ಸಿಬಿಯ ಅತಿ ದೊಡ್ಡ ಲಾಭಗಳಲ್ಲಿ ಎರಡು ಈ ಹಿಂಬಾಗಿಲಿನಿಂದಲೇ ಬಂದವು.

ಒಳ್ಳೆಯ ಆಟಗಾರ ಅಗ್ಗಕ್ಕೆ ಸಿಗುವುದು ಯಾಕೆ?

"ಹತ್ತು ತಂಡಗಳು, ಕಂಪ್ಯೂಟರ್ ಹಿಡಿದು ಕೂತ ಅಷ್ಟೊಂದು ತಜ್ಞರು. ಆದರೂ ಕಣ್ತಪ್ಪುತ್ತದೆಯೇ?" ಈ ಅನುಮಾನ ಸಹಜ. 2025ರ ಹರಾಜಿಗೆ ಹೆಸರು ಕೊಟ್ಟವರು 1,574 ಮಂದಿ. ಮಾರಾಟವಾದವರು 182. ಇಷ್ಟು ದೊಡ್ಡ ಜರಡಿಯಲ್ಲಿ ಕೆಲವು ಒಳ್ಳೆಯ ಕಾಳು ಕೆಳಗೆ ಬೀಳಲೇಬೇಕು. ಬೀಳುವುದಕ್ಕೆ ನಾಲ್ಕು ಕಾರಣಗಳಿವೆ.

ಮೊದಲನೆಯದು, ಆಡದವನಿಗೆ ಅಂಕಿಅಂಶ ಇರುವುದಿಲ್ಲ. ಯಜುವೇಂದ್ರ ಚಾಹಲ್ ಮೂರು ವರ್ಷ ಮುಂಬೈ ಇಂಡಿಯನ್ಸ್ ತಂಡದಲ್ಲಿದ್ದ. ಐಪಿಎಲ್‌ನಲ್ಲಿ ಅವನಿಗೆ ಆಡಲು ಸಿಕ್ಕಿದ್ದು ಒಂದೇ ಪಂದ್ಯ. ಹೀಗಾಗಿ 2014ರಲ್ಲಿ ಆರ್‌ಸಿಬಿಗೆ 10 ಲಕ್ಷಕ್ಕೆ ಸಿಕ್ಕ.

ಎರಡನೆಯದು, ಬೇರೆಯವರ ಬಳಿ ಜಾಗ ಇರುವುದಿಲ್ಲ. ದೆಹಲಿಯವರು ಕೊಹ್ಲಿಯನ್ನು ಬಿಟ್ಟದ್ದು ಹೀಗೆ. ಆಟಗಾರ ಕೆಟ್ಟವನೆಂದಲ್ಲ, ಅವರ ತಂಡದಲ್ಲಿ ಆ ಕುರ್ಚಿ ತುಂಬಿತ್ತು.

ಮೂರನೆಯದು, ಹಿಂದಿನ ಸೀಸನ್ ಚೆನ್ನಾಗಿರುವುದಿಲ್ಲ. ಮಾರುಕಟ್ಟೆಗೆ ನೆನಪು ಕಡಿಮೆ. ನಿನ್ನೆಯ ಸೋಲು ಕಣ್ಣಿಗೆ ಕಟ್ಟಿರುತ್ತದೆ, ಮೂರು ವರ್ಷದ ಹಿಂದಿನ ಆಟ ಮರೆತಿರುತ್ತದೆ.

ನಾಲ್ಕನೆಯದು, ಜೇಬು ಖಾಲಿ. ಮೊದಲ ದಿನವೇ 20 ಕೋಟಿ ಕೂಗಿದ ತಂಡಕ್ಕೆ ಎರಡನೇ ದಿನ ಸಂಜೆ 2 ಕೋಟಿಯೂ ಭಾರ. ಆಗ ಜೇಬಿನಲ್ಲಿ ಹಣ ಉಳಿಸಿಕೊಂಡವನೇ ಸಾಹುಕಾರ.

ಬೆಂಗಳೂರಿಗೆ ಒಲಿದವರು

ಈಗ ಒಬ್ಬೊಬ್ಬರನ್ನೇ ನೋಡೋಣ. ಕೊಟ್ಟದ್ದೆಷ್ಟು, ಬಂದದ್ದೆಷ್ಟು ಎನ್ನುವುದಷ್ಟೇ ಅಳತೆ.

ವಿರಾಟ್ ಕೊಹ್ಲಿ: 2008ರ ಮೊದಲ ಸೀಸನ್ನಿನಲ್ಲಿ 13 ಪಂದ್ಯಗಳಿಂದ 165 ರನ್. ಸರಾಸರಿ 15. ಆ ವರ್ಷದ ಲೆಕ್ಕಕ್ಕೆ ಅದು ಲಾಭದ ಖರೀದಿಯೇ ಅಲ್ಲ. ತಂಡ ಕೈಬಿಡದೆ ಕಾದದ್ದರಿಂದ ಲಾಭವಾಯಿತು. 2016ರಲ್ಲಿ ಒಂದೇ ಸೀಸನ್ನಿಗೆ 4 ಶತಕ, 973 ರನ್.

ಕ್ರಿಸ್ ಗೇಲ್: 2011ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ಸೀಸನ್ ಶುರುವಾದ ಮೇಲೆ ಆಸ್ಟ್ರೇಲಿಯಾದ ವೇಗಿ ಡರ್ಕ್ ನ್ಯಾನಸ್ ಗಾಯಗೊಂಡರು. ಅವರ ಜಾಗಕ್ಕೆ ಗೇಲ್ ಬಂದರು. ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೊದಲ ಪಂದ್ಯದಲ್ಲೇ 55 ಎಸೆತಗಳಲ್ಲಿ ಅಜೇಯ 102. ಆ ವರ್ಷ 12 ಪಂದ್ಯಗಳಲ್ಲಿ 608 ರನ್ ಗಳಿಸಿ ಹೆಚ್ಚು ರನ್‌ಗೆ ಕೊಡುವ ಆರೆಂಜ್ ಕ್ಯಾಪ್ ಗೆದ್ದರು. ಎರಡು ವರ್ಷದ ನಂತರ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 66 ಎಸೆತಕ್ಕೆ ಅಜೇಯ 175. ವೇಗಿಯ ಜಾಗಕ್ಕೆ ವೇಗಿಯನ್ನೇ ಹುಡುಕಬೇಕೆಂದಿಲ್ಲ ಎನ್ನುವುದು ಇಲ್ಲಿನ ಪಾಠ.

ಯಜುವೇಂದ್ರ ಚಾಹಲ್: 10 ಲಕ್ಷದವನು. 2015ರಲ್ಲಿ 23 ವಿಕೆಟ್, 2016ರಲ್ಲಿ 21. 2014ರಿಂದ 2021ರವರೆಗೆ ಆರ್‌ಸಿಬಿ ಪರ ಒಟ್ಟು 139. ಬೌಂಡರಿ ಚಿಕ್ಕದಿರುವ ಚಿನ್ನಸ್ವಾಮಿಯಲ್ಲಿ ಲೆಗ್ ಸ್ಪಿನ್ ಹಾಕಿ ಇಷ್ಟು ವಿಕೆಟ್ ತೆಗೆಯುವುದಕ್ಕೆ ಗುಂಡಿಗೆ ಬೇಕು.

ಹರ್ಷಲ್ ಪಟೇಲ್: ಇವನು ಬಂದದ್ದು ಹರಾಜಿನಿಂದಲ್ಲ, ಟ್ರೇಡ್‌ನಿಂದ. ಟ್ರೇಡ್ ಎಂದರೆ ಎರಡು ತಂಡಗಳು ಮಾತಾಡಿಕೊಂಡು ಆಟಗಾರನನ್ನು ಹಸ್ತಾಂತರಿಸುವುದು. 2021ರ ಆರಂಭದಲ್ಲಿ ದೆಹಲಿಯಿಂದ ಬಂದ ಇವನ ಸಂಬಳ 20 ಲಕ್ಷ. ಆ ಸೀಸನ್ನಿನ ಮೊದಲ ಪಂದ್ಯದಲ್ಲೇ ಮುಂಬೈ ವಿರುದ್ಧ 27 ರನ್‌ಗೆ 5 ವಿಕೆಟ್. ಸೀಸನ್ ಮುಗಿಯುವ ಹೊತ್ತಿಗೆ 32. ಒಂದೇ ಸೀಸನ್ನಿನಲ್ಲಿ ಅತಿ ಹೆಚ್ಚು ವಿಕೆಟ್ ಎಂಬ ಡ್ವೇನ್ ಬ್ರಾವೊ ದಾಖಲೆಗೆ ಸರಿಸಮ.

ಇದನ್ನು ಸ್ವಲ್ಪ ಬಿಡಿಸಿ ಲೆಕ್ಕ ಹಾಕಿ. 20 ಲಕ್ಷವನ್ನು 32ರಿಂದ ಭಾಗಿಸಿದರೆ ಒಂದು ವಿಕೆಟ್ಟಿಗೆ ಬಿದ್ದದ್ದು 62,500 ರೂಪಾಯಿ. ಅದೇ ವರ್ಷ ಅದೇ ತಂಡ ನ್ಯೂಜಿಲೆಂಡಿನ ಕೈಲ್ ಜೇಮಿಸನ್‌ಗೆ ಕೊಟ್ಟದ್ದು 15 ಕೋಟಿ. ಅವರು 9 ಪಂದ್ಯಗಳಲ್ಲಿ ತೆಗೆದದ್ದು 9 ವಿಕೆಟ್. ಒಂದು ವಿಕೆಟ್ಟಿಗೆ ಸುಮಾರು 1 ಕೋಟಿ 67 ಲಕ್ಷ! ಹರಾಜಿನ ಬೆಲೆ ಆಟದ ಬೆಲೆಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕನ್ನಡಿಗರ ಕಡೆಯೇ ನೋಡಿದರೂ ಇಂಥ ಉದಾಹರಣೆ ಸಿಗುತ್ತದೆ. 2021ರಲ್ಲೇ ಚೆನ್ನೈ ತಂಡ ನಮ್ಮ ಕೃಷ್ಣಪ್ಪ ಗೌತಮ್‌ಗೆ 9.25 ಕೋಟಿ ಕೊಟ್ಟಿತು. ಅನ್‌ಕ್ಯಾಪ್ಡ್ ಆಟಗಾರನಿಗೆ ಆಗ ಅದು ದಾಖಲೆ ಬೆಲೆ. ಆ ಸೀಸನ್ನಿನಲ್ಲಿ ಗೌತಮ್‌ಗೆ ಒಂದೂ ಪಂದ್ಯ ಸಿಗಲಿಲ್ಲ. ಅದರಲ್ಲಿ ಗೌತಮ್ ತಪ್ಪೇನೂ ಇಲ್ಲ. ಹನ್ನೊಂದರಲ್ಲಿ ಜಾಗವಿಲ್ಲದಿದ್ದರೆ ಎಷ್ಟು ಕೋಟಿ ಕೊಟ್ಟರೂ ಅಷ್ಟೇ.

ದೇವದತ್ತ ಪಡಿಕ್ಕಲ್: 2018ರ ಡಿಸೆಂಬರಿನ ಹರಾಜಿನಲ್ಲಿ 20 ಲಕ್ಷ. ಮೊದಲ ವರ್ಷ ಪೂರ್ತಿ ಬೆಂಚು ಕಾದ. 2020ರಲ್ಲಿ ಅವಕಾಶ ಸಿಕ್ಕಾಗ 15 ಪಂದ್ಯಗಳಲ್ಲಿ 473 ರನ್, ವರ್ಷದ ಉದಯೋನ್ಮುಖ ಆಟಗಾರ ಪ್ರಶಸ್ತಿ. ಮರುವರ್ಷ ವಾಂಖೆಡೆಯಲ್ಲಿ ರಾಜಸ್ಥಾನದ ವಿರುದ್ಧ ಅಜೇಯ 101. ಒಂದೇ ತಂಡಕ್ಕೆ ಎರಡು ಸಲ ಅಗ್ಗಕ್ಕೆ ಸಿಕ್ಕ ಹೆಗ್ಗಳಿಕೆ ಇವನದು.

ರಜತ್ ಪಾಟೀದಾರ್: ಇವನದು ವಿಶೇಷ ಕಥೆ. 2021ರಲ್ಲಿ 20 ಲಕ್ಷಕ್ಕೆ ಬಂದು ನಾಲ್ಕು ಪಂದ್ಯ ಆಡಿದ. ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. 2022ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ, ಆರ್‌ಸಿಬಿ ಕೂಡ. ಸೀಸನ್ ನಡೆಯುತ್ತಿರುವಾಗ ಕರ್ನಾಟಕದ ಕೀಪರ್ ಲವನೀತ್ ಸಿಸೋಡಿಯಾ ಗಾಯಗೊಂಡ. ಅವನ ಬದಲಿಗೆ ಪಾಟೀದಾರ್‌ಗೆ ಕರೆ ಹೋಯಿತು. ಬೆಲೆ ಅದೇ 20 ಲಕ್ಷ.

ಮೇ 25, ಈಡನ್ ಗಾರ್ಡನ್ಸ್, ಎಲಿಮಿನೇಟರ್ ಪಂದ್ಯ. ಸೋತವರು ಮನೆಗೆ. ಎದುರಿಗೆ ಲಖನೌ. ಅದರ ನಾಯಕ ನಮ್ಮ ಕೆ.ಎಲ್. ರಾಹುಲ್, ಸಂಬಳ 17 ಕೋಟಿ. ಆರ್‌ಸಿಬಿ ನಾಯಕ ಡು ಪ್ಲೆಸಿ ಮೊದಲ ಎಸೆತಕ್ಕೇ ಔಟ್. ಆಗ ಬ್ಯಾಟು ಹಿಡಿದು ಬಂದ ಪಾಟೀದಾರ್ ಕೊನೆಯವರೆಗೂ ನಿಂತ. 54 ಎಸೆತ, 12 ಬೌಂಡರಿ, 7 ಸಿಕ್ಸರ್, ಅಜೇಯ 112. ಆರ್‌ಸಿಬಿ 207 ಗಳಿಸಿ 14 ರನ್‌ಗಳಿಂದ ಗೆದ್ದಿತು. ರಾಹುಲ್ ಹೊಡೆದ 79 ಸಾಲಲಿಲ್ಲ. 17 ಕೋಟಿಯ ಮುಂದೆ 20 ಲಕ್ಷ ಗೆದ್ದ ರಾತ್ರಿ ಅದು. ಮೂರು ವರ್ಷದ ನಂತರ ಕಪ್ ಎತ್ತಿದ ನಾಯಕನೂ ಇವನೇ.

ಹೆಣ್ಣುಮಕ್ಕಳ ತಂಡದ ಲೆಕ್ಕ ಇನ್ನೂ ಚೆನ್ನಾಗಿದೆ

ಆರ್‌ಸಿಬಿಗೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು ಎಂಬುದನ್ನು ಮರೆಯಬಾರದು. ಮಹಿಳಾ ಪ್ರೀಮಿಯರ್ ಲೀಗ್‌ನ ಮೊದಲ ಹರಾಜು 2023ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ನಡೆಯಿತು. ಪ್ರತಿ ತಂಡಕ್ಕೆ 12 ಕೋಟಿ. ಅದರಲ್ಲಿ 3.40 ಕೋಟಿಯನ್ನು ಆರ್‌ಸಿಬಿ ಸ್ಮೃತಿ ಮಂಧಾನಗೇ ಕೊಟ್ಟಿತು. ಕರ್ನಾಟಕದ ಶ್ರೇಯಾಂಕಾ ಪಾಟೀಲ್ ಮೂಲ ಬೆಲೆ 10 ಲಕ್ಷಕ್ಕೆ ಬಂದಳು. ಕೇರಳದ ಆಶಾ ಶೋಭನಾ ಕೂಡ 10 ಲಕ್ಷ. ಮರುವರ್ಷ ಆಸ್ಟ್ರೇಲಿಯಾದ ಸೋಫಿ ಮೊಲಿನೊ 30 ಲಕ್ಷಕ್ಕೆ ಸೇರಿದಳು.

2024ರ ಮಾರ್ಚ್ 17, ದೆಹಲಿಯಲ್ಲಿ ಫೈನಲ್. ದೆಹಲಿ ತಂಡ 7 ಓವರಿಗೆ ವಿಕೆಟ್ ಇಲ್ಲದೆ 64. ನೋಡುವವರು ಕೈ ಚೆಲ್ಲಿದ್ದರು. ಎಂಟನೇ ಓವರ್ ಮೊಲಿನೊ ಕೈಗೆ ಬಂತು. ಶೆಫಾಲಿ, ಜೆಮಿಮಾ, ಕ್ಯಾಪ್ಸಿ, ಒಂದೇ ಓವರಿನಲ್ಲಿ ಮೂವರೂ ಔಟ್. ಆಮೇಲೆ ಶ್ರೇಯಾಂಕಾ 12 ರನ್‌ಗೆ 4, ಆಶಾ 14 ರನ್‌ಗೆ 2. ದೆಹಲಿ 113ಕ್ಕೆ ಆಲೌಟ್. ಆರ್‌ಸಿಬಿ 8 ವಿಕೆಟ್‌ಗಳಿಂದ ಗೆದ್ದಿತು.

ಕೂಡಿಸಿ ನೋಡಿ. ಮೂವರ ಸಂಬಳ 10, 10, 30, ಒಟ್ಟು 50 ಲಕ್ಷ. ಮೂವರು ತೆಗೆದ ವಿಕೆಟ್ 9. ಉಳಿದ ಒಂದು ರನೌಟ್. ಸೀಸನ್ನಿನಲ್ಲಿ 13 ವಿಕೆಟ್ ತೆಗೆದ ಶ್ರೇಯಾಂಕಾಳೇ ಅಗ್ರ ಬೌಲರ್. ಕೋಟಿ ಕೋಟಿ ಸುರಿದು ಕಟ್ಟಿದ ತಂಡದಲ್ಲಿ ಫೈನಲ್ ತಿರುಗಿಸಿದ್ದು ಅರ್ಧ ಕೋಟಿಯ ಮೂವರು.

ಲಾಭಕ್ಕೂ ಆಯುಸ್ಸಿದೆ

"ಹಾಗಿದ್ದರೆ ಇವರನ್ನೆಲ್ಲ ಅದೇ ಬೆಲೆಗೆ ಇಟ್ಟುಕೊಂಡರಾಗದೇ?" ಆಗುವುದಿಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಬರುವ ಮೆಗಾ ಹರಾಜಿನಲ್ಲಿ ಹೆಚ್ಚಿನವರನ್ನು ಬಿಟ್ಟುಕೊಡಲೇಬೇಕು. ಆಗ ಎಲ್ಲರ ಕಣ್ಣೂ ಬಿದ್ದಿರುತ್ತದೆ. ಹರ್ಷಲ್‌ನನ್ನು ಮತ್ತೆ ಕೊಳ್ಳಲು 2022ರಲ್ಲಿ ಆರ್‌ಸಿಬಿ 10.75 ಕೋಟಿ ತೆತ್ತಿತು. ಪಡಿಕ್ಕಲ್ 7.75 ಕೋಟಿಗೆ ರಾಜಸ್ಥಾನಕ್ಕೆ ಹೋದ. ಚಾಹಲ್‌ನನ್ನು ಬಿಟ್ಟದ್ದಕ್ಕೆ ಬೆಂಗಳೂರಿನವರು ಇವತ್ತಿಗೂ ಕೈ ಹಿಸುಕಿಕೊಳ್ಳುತ್ತಾರೆ. ಅವನು 6.5 ಕೋಟಿಗೆ ರಾಜಸ್ಥಾನ ಸೇರಿ, 2025ಕ್ಕೆ 18 ಕೋಟಿಗೆ ಪಂಜಾಬ್ ಪಾಲಾದ.

ಈ ಏರಿಳಿತ ತಿಳಿಯಬೇಕಾದರೆ ನಮ್ಮೂರಿನ ಆರ್. ವಿನಯ್ ಕುಮಾರ್ ಅವರನ್ನೇ ನೋಡಿ. 'ದಾವಣಗೆರೆ ಎಕ್ಸ್‌ಪ್ರೆಸ್' ಎಂದರೆ ಮಕ್ಕಳಿಗೂ ಗೊತ್ತು. ಮೊದಲ ವರ್ಷಗಳಲ್ಲಿ ಅನ್‌ಕ್ಯಾಪ್ಡ್ ಆಟಗಾರರು ಹರಾಜಿಗೆ ಬರುತ್ತಿರಲಿಲ್ಲ. ತಂಡಗಳೇ ನೇರವಾಗಿ ಒಪ್ಪಂದ ಮಾಡಿಕೊಳ್ಳುತ್ತಿದ್ದವು, ಸ್ಥಳೀಯರಿಗೆ ಆದ್ಯತೆಯೂ ಇತ್ತು. ವಿನಯ್ ಹಾಗೆ 2008ರಲ್ಲಿ ಆರ್‌ಸಿಬಿ ಸೇರಿದರು. 2010ರಲ್ಲಿ 16 ವಿಕೆಟ್ ತೆಗೆದು ಅದೇ ವರ್ಷ ಭಾರತ ತಂಡಕ್ಕೂ ಆಡಿದರು. 2011ರ ಹರಾಜಿನಲ್ಲಿ ಕೊಚ್ಚಿ ತಂಡ ಅವರನ್ನು 4.75 ಲಕ್ಷ ಡಾಲರಿಗೆ ಕೊಂಡಿತು. ಕೊಚ್ಚಿ ತಂಡ ಒಂದೇ ವರ್ಷಕ್ಕೆ ಮುಚ್ಚಿಹೋಯಿತು. 2012ರಲ್ಲಿ ಆರ್‌ಸಿಬಿ ಅದೇ ವಿನಯ್‌ಗೆ 10 ಲಕ್ಷ ಡಾಲರ್ ಕೊಟ್ಟು ಕರೆತಂದಿತು. ಮನೆಯಲ್ಲೇ ಇದ್ದವರನ್ನು ಬಿಟ್ಟು ಮತ್ತೆ ತರಲು ತೆತ್ತ ಬೆಲೆ ಅದು. 2013ರಲ್ಲಿ 23 ವಿಕೆಟ್ ತೆಗೆದು ಅವರು ಹಣಕ್ಕೆ ನ್ಯಾಯ ಒದಗಿಸಿದರು.

ಕಬಡ್ಡಿಯಲ್ಲೂ ಇದೇ ನಡೆ. 2018ರ ಪ್ರೊ ಕಬಡ್ಡಿ ಹರಾಜಿನಲ್ಲಿ ಆರು ಮಂದಿ ಕೋಟಿ ಮುಟ್ಟಿದರು. ಬೆಂಗಳೂರು ಬುಲ್ಸ್ ಪವನ್ ಸೆಹ್ರಾವತ್‌ಗೆ ಕೊಟ್ಟದ್ದು ಸುಮಾರು 53 ಲಕ್ಷ. ಅವನು ಆ ಸೀಸನ್ನಿನಲ್ಲಿ 271 ರೇಡ್ ಪಾಯಿಂಟ್ ತಂದ. ಫೈನಲ್ಲಿನಲ್ಲಿ ಒಬ್ಬನೇ 22 ಅಂಕ ತಂದು ಕಪ್ ಗೆಲ್ಲಿಸಿದ. ಮುಂದೆ ಅವನ ಬೆಲೆ ಎರಡು ಕೋಟಿ ದಾಟಿತು, ಬೇರೆ ತಂಡಗಳ ಪಾಲಾದ.

ಆಟಗಾರನ ಕೈಗೆ ಎಷ್ಟು ಬರುತ್ತದೆ?

ಹರಾಜಿನ ಮೊತ್ತ ಒಂದು ಸೀಸನ್ನಿನ ಸಂಬಳ. ಮುಂದಿನ ವರ್ಷವೂ ತಂಡ ಉಳಿಸಿಕೊಂಡರೆ ಮತ್ತೆ ಅಷ್ಟೇ ಮೊತ್ತ. ಸೀಸನ್ ಪೂರ್ತಿ ಲಭ್ಯನಿದ್ದರೆ, ಬೆಂಚಿನಲ್ಲಿ ಕೂತರೂ ಒಪ್ಪಂದದ ಹಣ ಸಿಗುತ್ತದೆ. ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ.

2025ರಿಂದ ಇನ್ನೊಂದು ಅನುಕೂಲವಾಗಿದೆ. ಆಡಿದ ಪ್ರತಿ ಪಂದ್ಯಕ್ಕೂ 7.5 ಲಕ್ಷ ರೂಪಾಯಿ ಪಂದ್ಯ ಶುಲ್ಕ. ಇದು ಹರಾಜಿನ ಬೆಲೆಯ ಮೇಲೆ ಪ್ರತ್ಯೇಕ. 30 ಲಕ್ಷದ ಹುಡುಗ ನಾಲ್ಕು ಪಂದ್ಯ ಆಡಿದರೆ ಸಂಬಳ ಎರಡರಷ್ಟಾಯಿತು. ಕೋಟ್ಯಧಿಪತಿಗಳಿಗೆ ಇದು ದೊಡ್ಡ ಹಣವಲ್ಲ, ಕೊನೆಯ ಸುತ್ತಿನವರಿಗೆ ದೊಡ್ಡದು.

ನಮ್ಮ ಹುಡುಗ, ಹುಡುಗಿಯರಿಗೆ ದಾರಿ ಎಲ್ಲಿದೆ?

ದಾವಣಗೆರೆಯಲ್ಲಿ, ಹರಿಹರದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಬರವಿಲ್ಲ. ಹೈಸ್ಕೂಲ್ ಮೈದಾನದ ಟೂರ್ನಿಗಳಿಗೆ ಜನ ಕಿಕ್ಕಿರಿಯುತ್ತಾರೆ. ಆದರೆ ಹರಾಜಿನ ಪಟ್ಟಿಗೆ ಅಲ್ಲಿಂದ ನೇರ ದಾರಿಯಿಲ್ಲ. ಲೆದರ್ ಬಾಲ್, ಅಂದರೆ ಚರ್ಮದ ಚೆಂಡಿನ ಕ್ರಿಕೆಟ್ಟಿಗೆ ಬರಲೇಬೇಕು. ಬೇಗ ಬಂದಷ್ಟೂ ಒಳ್ಳೆಯದು.

ಮೊದಲ ಮೆಟ್ಟಿಲು ಕ್ಲಬ್. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ, ಅಂದರೆ ಕೆಎಸ್‌ಸಿಎ, ಬೆಂಗಳೂರಿನ ಹೊರಗಿನ ಜಿಲ್ಲೆಗಳನ್ನು ವಲಯಗಳಾಗಿ ವಿಂಗಡಿಸಿದೆ. ದಾವಣಗೆರೆ ಬರುವುದು ತುಮಕೂರು ವಲಯಕ್ಕೆ. ಸಂಸ್ಥೆಯಲ್ಲಿ ನೋಂದಾಯಿತ ಕ್ಲಬ್ಬಿಗೆ ಸೇರಿ ವಲಯದ ಲೀಗ್ ಪಂದ್ಯಗಳನ್ನು ಆಡಬೇಕು. ಅಲ್ಲಿ ಚೆನ್ನಾಗಿ ಆಡಿದವರು ವಯೋಮಿತಿಯ ವಲಯ ತಂಡಕ್ಕೆ, ಅಂತರ ವಲಯ ಪಂದ್ಯಗಳಿಗೆ, ಮುಂದೆ ರಾಜ್ಯ ತಂಡದ ಸಂಭಾವ್ಯರ ಪಟ್ಟಿಗೆ ಹೋಗುತ್ತಾರೆ. ವಯಸ್ಸಿನ ದಾಖಲೆ, ಜನನ ಪ್ರಮಾಣಪತ್ರ ಮೊದಲೇ ಸರಿಯಾಗಿರಲಿ. ಇಲ್ಲಿ ಎಡವಟ್ಟಾದರೆ ಮುಂದೆ ತಿದ್ದುವುದು ಕಷ್ಟ.

ಎರಡನೇ ಮೆಟ್ಟಿಲು ರಾಜ್ಯದ ಟಿ20 ಲೀಗ್. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾದಾಗ ದಾವಣಗೆರೆ ಡೈಮಂಡ್ಸ್ ಎಂಬ ತಂಡ ನಮ್ಮ ಊರಿನ ಹೆಸರಲ್ಲೇ ಇತ್ತು. ಆ ಲೀಗ್ ಈಗಿಲ್ಲ. 2022ರಿಂದ ಮಹಾರಾಜ ಟ್ರೋಫಿ ನಡೆಯುತ್ತಿದೆ. ಅದರ ಆರು ತಂಡಗಳಲ್ಲಿ ದಾವಣಗೆರೆಯ ಹೆಸರಿಲ್ಲ, ಹತ್ತಿರದ್ದೆಂದರೆ ಶಿವಮೊಗ್ಗ. ಅಲ್ಲೂ ಹರಾಜು ನಡೆಯುತ್ತದೆ. 2024ರಲ್ಲಿ ಮೈಸೂರು ತಂಡ ಸಮಿತ್ ದ್ರಾವಿಡ್‌ನನ್ನು 50 ಸಾವಿರ ರೂಪಾಯಿಗೆ ಕೊಂಡದ್ದು ನಿಮಗೆ ನೆನಪಿರಬಹುದು. ಹಣ ಕಡಿಮೆಯೇ. ಆದರೆ ಪಂದ್ಯಗಳು ಟಿವಿಯಲ್ಲಿ ಬರುತ್ತವೆ, ಐಪಿಎಲ್ ತಂಡಗಳ ಸ್ಕೌಟ್‌ಗಳು ನೋಡುತ್ತಾರೆ.

ಸ್ಕೌಟ್ ಎಂದರೆ ಊರೂರು ತಿರುಗಿ ಪ್ರತಿಭೆ ಗುರುತಿಸುವವನು. ಜಸ್‌ಪ್ರೀತ್ ಬೂಮ್ರಾನನ್ನು ಗುಜರಾತಿನ ಟಿ20 ಪಂದ್ಯದಲ್ಲಿ ನೋಡಿ ಮುಂಬೈಗೆ ಕರೆತಂದವರು ಜಾನ್ ರೈಟ್. ಆಟ ಬಿಟ್ಟ ಮೇಲೆ ನಮ್ಮ ವಿನಯ್ ಕುಮಾರ್ ಕೂಡ ಮುಂಬೈ ಇಂಡಿಯನ್ಸ್‌ಗೆ ಇದೇ ಕೆಲಸಕ್ಕೆ ಸೇರಿದರು.

ಮೂರನೇ ಮೆಟ್ಟಿಲು ಐಪಿಎಲ್ ಹರಾಜಿನ ನೋಂದಣಿ. ಇದು ರಾಜ್ಯ ಸಂಸ್ಥೆಯ ಮೂಲಕವೇ ಆಗಬೇಕು. 19 ವರ್ಷ ತುಂಬದವರಾದರೆ ಕನಿಷ್ಠ ಒಂದು ಪ್ರಥಮ ದರ್ಜೆ ಪಂದ್ಯ, ಅಂದರೆ ರಾಜ್ಯ ತಂಡದ ಪರ ರಣಜಿಯಂಥ ಪಂದ್ಯ, ಆಡಿರಬೇಕು. 13 ವರ್ಷದ ವೈಭವ್ ಸೂರ್ಯವಂಶಿ 1.10 ಕೋಟಿಗೆ ಮಾರಾಟವಾಗಲು ಸಾಧ್ಯವಾದದ್ದು ಬಿಹಾರದ ಪರ ರಣಜಿ ಆಡಿದ್ದರಿಂದ.

ಒಂದು ಎಚ್ಚರಿಕೆ. "ಇಷ್ಟು ಲಕ್ಷ ಕೊಡಿ, ಐಪಿಎಲ್ ಟ್ರಯಲ್ಸ್‌ಗೆ ಕಳಿಸುತ್ತೇವೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಂಡಗಳು ಆಯ್ಕೆ ಪರೀಕ್ಷೆಗೆ ಆಟಗಾರರಿಂದ ಹಣ ಕೇಳುವುದಿಲ್ಲ, ಅವರೇ ಕರೆಯುತ್ತಾರೆ. ನಿಮ್ಮ ಖರ್ಚು ಕಿಟ್, ತರಬೇತಿ, ಓಡಾಟಕ್ಕೆ ಮಾತ್ರ. ಅದೇ ಕಡಿಮೆಯೇನಲ್ಲ. ಒಳ್ಳೆಯ ಇಂಗ್ಲಿಷ್ ವಿಲ್ಲೋ ಬ್ಯಾಟಿಗೇ ಹತ್ತಾರು ಸಾವಿರ ಬೇಕು. ಶುರುವಿನಲ್ಲಿ ಕಾಶ್ಮೀರಿ ವಿಲ್ಲೋ ಬ್ಯಾಟು ಸಾಕು.

ಮುಂದಿನ ಹರಾಜು ನೋಡುವಾಗ

ಕೂಗು ಕೇಳಿ ಅಚ್ಚರಿಪಡುವ ಬದಲು ಕಾಗದ, ಪೆನ್ನು ಇಟ್ಟುಕೊಳ್ಳಿ. ಪ್ರತಿ ತಂಡದ ಜೇಬಿನಲ್ಲಿ ಎಷ್ಟು ಉಳಿದಿದೆ ಎಂದು ಬರೆಯುತ್ತಾ ಹೋಗಿ. ಯಾರ ಬಳಿ ಯಾವ ಜಾಗ ಖಾಲಿ ಇದೆ ನೋಡಿ. ಮೊದಲ ಸುತ್ತಿನಲ್ಲಿ ಉಳಿದುಹೋದ ಹೆಸರುಗಳನ್ನು ಬೇರೆ ಪಟ್ಟಿ ಮಾಡಿ. ಅವರಲ್ಲಿ ಯಾರು ಈ ವರ್ಷದ ಸಯ್ಯದ್ ಮುಷ್ತಾಕ್ ಅಲಿ ಟ್ರೋಫಿಯಲ್ಲಿ, ಮಹಾರಾಜ ಟ್ರೋಫಿಯಲ್ಲಿ ಚೆನ್ನಾಗಿ ಆಡಿದ್ದಾರೆಂದು ಗುರುತು ಹಾಕಿ. ವೇಗದ ಸುತ್ತು ಶುರುವಾದಾಗ ನಿಮ್ಮ ಪಟ್ಟಿಯೂ ತಂಡಗಳ ಪಟ್ಟಿಯೂ ಎಷ್ಟು ಹೊಂದುತ್ತದೆಂದು ತಿಳಿಯುತ್ತದೆ.

ಆದರೆ ಅಂದೇ ತೀರ್ಪು ಕೊಡಬೇಡಿ. ಪಡಿಕ್ಕಲ್ ಒಂದು ವರ್ಷ ಬೆಂಚಿನಲ್ಲಿದ್ದ. ಪಾಟೀದಾರ್ ಒಂದು ಸಲ ಬಂದು ಹೋಗಿ ಮತ್ತೆ ಬಂದ. ಕೊಹ್ಲಿಯ ಮೊದಲ ವರ್ಷದ ಸರಾಸರಿ ನೋಡಿದ್ದರೆ ಯಾರೂ ಮುಂದಿನದನ್ನು ಊಹಿಸುತ್ತಿರಲಿಲ್ಲ. ಅಗ್ಗಕ್ಕೆ ಕೊಳ್ಳುವುದು ಅರ್ಧ ಕೆಲಸ. ಕೊಂಡವನಿಗೆ ಸರಿಯಾದ ಹೊತ್ತಿಗೆ ಚೆಂಡು ಕೊಡುವುದು, ಸರಿಯಾದ ಕ್ರಮಾಂಕದಲ್ಲಿ ಬ್ಯಾಟಿಗೆ ಇಳಿಸುವುದು ಇನ್ನರ್ಧ. ಹಾಗಾಗಿ ನಿಮ್ಮ ಪಟ್ಟಿಯ ಕಾಗದವನ್ನು ಹರಾಜು ಮುಗಿದ ಕೂಡಲೇ ಎಸೆಯದೆ ಎರಡು ಸೀಸನ್ ಇಟ್ಟುಕೊಳ್ಳಿ. ಯಾವ ಖರೀದಿ ಲಾಭ, ಯಾವುದು ನಷ್ಟ ಎಂದು ಆಮೇಲೆ ನೀವೇ ಹೇಳಬಹುದು.